ಕಪ್ಪು ಸೂಜಿಯ ನೀಲಿಗಳು

ಮನೆಯಿಂದ
ಗುರುವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಎದೆಯ ಕಫ ಕರಗಿತಾ? ಒದ್ದೆ ಕಾಲುಚೀಲದಲ್ಲೇ ಮಲಗೋ ಬುದ್ಧಿ ಬಿಟ್ಟೆಯಾ, ಇಲ್ಲವಾ? ಮೊದಲು ಇದನ್ನೇ ಕೇಳು ಅಂತ ಅಮ್ಮನ ಅಪ್ಪಣೆ, ಕೇಳಿದ್ದೀನಿ. ಅವಳ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಇನ್ನೂ ಜೋರಾಗಿದೆ. ನನಗೆ ಏನೂ ಆಗಿಲ್ಲ, ನನಗೇನಾಗುತ್ತೆ. ನೀನು ಚಿಟ್ಟೆ ಹುಡುಕಿಕೊಂಡು ಬೆಟ್ಟದ ಮೇಲಿನ ಜೌಗಿಗೆ ಹೋಗಿ ಇವತ್ತಿಗೆ ಎಂಟು ತಿಂಗಳು. ಹತ್ತು ದಿನದಲ್ಲಿ ಬರ್ತೀನಿ ಅಂದಿದ್ದೆ, ಮಹಾರಾಯ. ತಿಂಗಳಿಗೊಂದರಂತೆ ಎಂಟು ಕಾಗದ ಬರೆದು ಜೌಗಿನ ಬುಡದ ಅಂಚೆ ಕಚೇರಿಗೆ ಹಾಕಿದೆ, ಎಂಟೂ ಹೋದ ಹಾಗೇ ವಾಪಸ್ಸು ಬಂದವು. ಈಗೀಗ ಅಂಚೆಯವನು ನನ್ನ ಮುಖ ನೋಡದೆ ಕೈಗೆ ತುರುಕಿ ಹೋಗ್ತಾನೆ. ಇದು ಒಂಬತ್ತನೆಯದು. ನಿನಗೆ ಹೇಳಲೇಬೇಕಾದ ವಿಷಯ ಒಂದಿದೆ. ಆ ಎಂಟು ಕಾಗದದಲ್ಲೂ ಅದರ ಸುತ್ತಮುತ್ತ ಸುಳಿದಾಡಿ, ಹವಾಮಾನ ಬರೆದು, ಸಹಿ ಹಾಕಿ ಎದ್ದುಬಿಟ್ಟಿದ್ದೆ. ಇವತ್ತು ಹಾಗೆ ಮಾಡಲ್ಲ. ಮೊದಲು ಮನೆ ಸುದ್ದಿ ಹೇಳ್ತೀನಿ, ಅಷ್ಟು ಹೊತ್ತಿಗೆ ಧೈರ್ಯ ಬರುತ್ತೋ ನೋಡೋಣ.

ನಿನ್ನ ಕೋಣೆ ನೀನು ಬಿಟ್ಟ ಹಾಗೇ ಇದೆ ಅಂದರೆ ಸುಳ್ಳಾಗುತ್ತೆ. ಅದೀಗ ಅವುಗಳ ಮನೆ. ಕಿಟಕಿ ಹತ್ತಿರ ಕುಂಡದಲ್ಲಿ ಬಟಾಣಿ ಜಾತಿಯ ಬಳ್ಳಿ ಹಬ್ಬಿಸಿ, ಅದಕ್ಕೆ ನಿನ್ನ ಹಸಿರು ಹುಳುಗಳನ್ನ ಬಿಟ್ಟು, 'ಅಕ್ಕಾ, ಇರುವೆ ಬಂದರೆ ಗುಡಿಸಬೇಡ' ಅಂತ ಹೇಳಿ ಹೋದೆಯಲ್ಲ, ಗುಡಿಸಿಲ್ಲ. ನನ್ನ ಜನ್ಮದಲ್ಲಿ ಇರುವೆಗೆ ದಾರಿ ಬಿಟ್ಟವಳಲ್ಲ ನಾನು, ಈಗ ಅವು ಗೋಡೆ ಬಿರುಕಿನಿಂದ ಕುಂಡದವರೆಗೆ ರಾಜಬೀದಿ ಮಾಡಿಕೊಂಡಿವೆ. ಒಂದೊಂದು ಹುಳುವಿಗೆ ನಾಲ್ಕೈದು ಇರುವೆ ಕಾವಲು. ಮೀಸೆಯಲ್ಲಿ ಅದರ ಬೆನ್ನು ಸವರುತ್ತವೆ, ಹುಳು ಸಾಸಿವೆಗಿಂತ ಚಿಕ್ಕದೊಂದು ಸಿಹಿ ಹನಿ ಬಿಡುತ್ತೆ, ಇವು ಕುಡಿದು ಮತ್ತೆ ಸವರುತ್ತವೆ. ನೀನು ಹೇಳಿದಾಗ ನಂಬಿರಲಿಲ್ಲ, ಈಗ ಭಾನುವಾರವೆಲ್ಲ ಕೂತು ನೋಡ್ತೀನಿ. ಹುಳು ಚಿಟ್ಟೆಯಾಗಿ, ಚಿಟ್ಟೆ ಮೊಟ್ಟೆಯಿಟ್ಟು, ನೀನು ಹೋದ ಮೇಲೆ ಏಳೋ ಎಂಟೋ ತಲೆಮಾರು ಕಳೆದಿವೆ. ಒಂದಕ್ಕೂ ನಿನ್ನ ಗುರುತಿಲ್ಲ.

ಸಂಜೆಯಾದರೆ ಎಲ್ಲಾ ಬಂದು ಮೊಳೆಗೆ ನೇತುಹಾಕಿದ ನಿನ್ನ ಬೂದು ಅಂಗಿಯ ತೋಳಿನ ಮೇಲೆ ಕೂರುತ್ತವೆ. ಹುಲ್ಲಿನ ಕಡ್ಡಿ ಅಂದುಕೊಂಡಿವೆಯೋ ಏನೋ. ಒಂದೊಂದೂ ಹೆಬ್ಬೆಟ್ಟಿನ ಉಗುರಿನಷ್ಟು, ರೆಕ್ಕೆ ಮುಚ್ಚಿಕೊಂಡು, ಅಷ್ಟೂ ತಲೆಕೆಳಗಾಗಿ. ಕೂತ ಮೇಲೆ ಸುಮ್ಮನಿರಲ್ಲ, ಹಿಂದಿನ ರೆಕ್ಕೆಗಳನ್ನ ಒಂದಕ್ಕೊಂದು ಮೆಲ್ಲಗೆ ಉಜ್ಜುತ್ತಾ ಇರುತ್ತವೆ. ಆಗ ಅಂಗಿಯ ತೋಳೇ ಅಲುಗಿದ ಹಾಗೆ ಕಾಣುತ್ತೆ, ಒಳಗೆ ಕೈ ಇದ್ದ ಹಾಗೆ. ಮೊದಲ ಸಲ ನೋಡಿದಾಗ ಕೈಲಿದ್ದ ಲೋಟ ಬಿತ್ತು. ಅಮ್ಮ ಹೆದರಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಆ ಅಂಗಿಯ ಜತೆ ಮಾತಾಡ್ತಾಳೆ, ನಿನ್ನನ್ನ ಬೈದ ಹಾಗೇ ಬೈತಾಳೆ. ಒಂದು ದಿನ ತಡೆಯಲಾರದೆ ಏನಮ್ಮ ಇದು ಅಂದೆ. 'ಅವನು ಕೇಳಿಸಿಕೊಳ್ತಿದ್ದಾನೆ, ನೀನು ಹೋಗು' ಅಂದಳು. ಅಷ್ಟರಲ್ಲಿ ತೋಳು ಅಲುಗಿತು. ಅಡಿಗೆಮನೆಗೆ ಬಂದುಬಿಟ್ಟೆ. ದೀಪ ಹಚ್ಚಿದ ಮೇಲೆ ಆ ಕೋಣೆಗೆ ನಾನು ಕಾಲಿಡಲ್ಲ.

ಇನ್ನು ನನ್ನ ಕೆಲಸದ ಜಾಗ. ಸಂಗ್ರಹಾಲಯದ ಕೀಟದ ಕೋಣೆಯಲ್ಲಿ ಅದೇ ಕಪಾಟು, ಅದೇ ನುಸಿಗುಳಿಗೆ ವಾಸನೆ. ನಮ್ಮ ದಪ್ಪ ಕನ್ನಡಕದ ಸಾಹೇಬರು ಎದುರಿಗೆ ಸಿಕ್ಕರೆ 'ತಮ್ಮನ ಸುದ್ದಿ ಬಂತೇನಮ್ಮ' ಅಂತ ಕೇಳಿ, ಉತ್ತರ ಬರೋ ಮುಂಚೆ ಜೇಬಿನಲ್ಲಿ ಏನೋ ಹುಡುಕೋಕೆ ಶುರು ಮಾಡ್ತಾರೆ. ಒಳ್ಳೆಯ ಮನುಷ್ಯ, ಪಾಪ. ಅಪ್ಪ ಕೂತಿದ್ದ ಕಿಟಕಿ ಪಕ್ಕದ ಮೇಜಿನಲ್ಲೇ ನಾನು ಕೂರೋದು. ಬೇರೆಯವರೆಲ್ಲ ಅಂಗೈಯಗಲದ ಬಣ್ಣದ ಚಿಟ್ಟೆಗಳ ಹಿಂದೆ ಬಿದ್ದರೆ ಅಪ್ಪ ಮಾತ್ರ ಈ ಪುಟಾಣಿ ನೀಲಿ ಚಿಟ್ಟೆಗಳ ಹಿಂದೆ ಹೋದರು, ಜನ ಅವುಗಳನ್ನ ಚಿಲ್ಲರೆ ಅಂದರೂ ಬೇಜಾರು ಮಾಡಿಕೊಳ್ಳಲಿಲ್ಲ. ಅವರು ಹೇಳಿದ್ದು ನಿನಗೂ ಬಾಯಿಪಾಠ. ಚಿಟ್ಟೆಗಿಂತ ಅದರ ಕೆಳಗಿನ ಚೀಟಿ ದೊಡ್ಡದು, ಎಲ್ಲಿ ಸಿಕ್ಕಿತು ಅಂತ ಬರೆದಿರದ ಚಿಟ್ಟೆ ಬರೀ ಕಸ, ತಪ್ಪು ಜಾಗ ಬರೆದಿರೋದು ಕಸಕ್ಕಿಂತ ಕಡೆ. ಒಂದೇ ಸೂಜಿ, ಮೇಲೆ ಚಿಟ್ಟೆ, ಕೆಳಗೆ ಅದರ ಊರು. ಅಪ್ಪ ಇದನ್ನ ಹೇಳುವಾಗ ನಾವಿಬ್ಬರೂ ಮೇಜಿನ ಕೆಳಗೆ ಕಾಲು ತುಳಿದಾಡಿಕೊಂಡು ನಗ್ತಿದ್ದೆವು.

ಈಗ ಹೇಳ್ತೀನಿ. ಮೂರು ವರ್ಷದ ಹಿಂದೆ, ಅಪ್ಪ ಹೋದ ಮೇಲೆ, ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೇಲಿನವರು ತಪಾಸಣೆಗೆ ಬರ್ತಾರೆ ಅಂತ ಹಿಂದಿನ ದಿನ ಪೆಟ್ಟಿಗೆಗಳನ್ನೆಲ್ಲ ಒರೆಸ್ತಾ ಇದ್ದೆ. ಅಪ್ಪನ ನೀಲಿಗಳ ಪೆಟ್ಟಿಗೆ ಕೈಜಾರಿತು. ಒಡೆದದ್ದು ಗಾಜು ಮಾತ್ರ, ಆದರೆ ಎರಡು ಸಾಲಿನ ಸೂಜಿಗಳಿಂದ ಚೀಟಿಗಳು ಕಳಚಿ ನೆಲದ ತುಂಬಾ ಹರಡಿಬಿಟ್ಟವು. ಒಂದು ಸಾಲು ಮೇಲಿನ ಜೌಗಿನದು, ಇನ್ನೊಂದು ಕಡಲಂಚಿನ ಉಪ್ಪಿನ ಗದ್ದೆಯದು. ರೆಕ್ಕೆಯಡಿಯಲ್ಲಿ ಬೆಳ್ಳಿ ಚುಕ್ಕಿ ಇರೋವು ಒಂಬತ್ತು, ಇಲ್ಲದವು ಒಂಬತ್ತು. ಯಾವುದು ಎಲ್ಲಿಯದು ಅಂತ ನನಗೆ ಗೊತ್ತಿರಲಿಲ್ಲ. ಸಾಹೇಬರನ್ನ ಕೇಳಬಹುದಿತ್ತು, ಬೀಳಿಸಿದೆ ಅಂತ ಒಪ್ಪಿಕೊಳ್ಳಬೇಕಾಗ್ತಿತ್ತು. ಬೆಳ್ಳಿ ಅಂದರೆ ಮಂಜು, ಮಂಜು ಅಂದರೆ ಬೆಟ್ಟದ ಮೇಲೆ, ಅಂತ ನಾನೇ ಒಂದು ಲೆಕ್ಕ ಹಾಕಿ ಚುಕ್ಕಿಯವಕ್ಕೆಲ್ಲ ಜೌಗಿನ ಚೀಟಿ ಚುಚ್ಚಿದೆ. ಹೊಸ ಗಾಜು ಹಾಕಿಸಿದೆ. ತಪಾಸಣೆಯವರು ಹೊಗಳಿ ಹೋದರು.

ಆಮೇಲೆ ನೀನು ಒಂದು ದಿನ ನನ್ನ ಊಟದ ಡಬ್ಬಿ ಕೊಡೋಕೆ ಬಂದವನು ಆ ಪೆಟ್ಟಿಗೆ ನೋಡಿದೆ. ಮೂವತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದ ಬೆಳ್ಳಿಚುಕ್ಕಿ, ಅಪ್ಪನ ಕೈಗೆ ಸಿಕ್ಕಿದ್ದು, ಕೆಳಗೆ ಜಾಗದ ಹೆಸರು. 'ಅಕ್ಕಾ, ನಾನು ಹೋಗಿ ನೋಡ್ತೀನಿ' ಅಂದೆ. ಅಪ್ಪ ಹೋದ ಮೇಲೆ ನಿನ್ನ ಮುಖದಲ್ಲಿ ಮೊದಲ ಸಲ ನಗು ನೋಡಿದ್ದು ಅವತ್ತೇ. ನಾಲಿಗೆ ತುದಿಗೆ ಬಂದಿತ್ತು ಕಣೋ. ನುಂಗಿಕೊಂಡೆ. ಹತ್ತು ದಿನ ತಿರುಗಿ, ಬರಿಗೈಲಿ ಬಂದು, ನನ್ನ ತಲೆ ತಿಂದು ಸುಮ್ಮನಾಗ್ತಾನೆ ಅಂದುಕೊಂಡೆ.

ಇಷ್ಟೇ ಆಗಿದ್ದರೆ ಎಡವಟ್ಟು ಅಂತ ಕಾಲಿಗೆ ಬೀಳ್ತಿದ್ದೆ. ಇಷ್ಟೇ ಅಲ್ಲ. ನೀನು ಹೊರಟ ಮಾರನೇ ದಿನ ಮನಸ್ಸು ತಡೆಯದೆ ಪೆಟ್ಟಿಗೆ ತೆಗೆದು ಭೂತಗನ್ನಡಿ ಹಿಡಿದೆ. ಬೆಳ್ಳಿಚುಕ್ಕಿಯ ಒಂಬತ್ತಕ್ಕೂ ಕಪ್ಪು ಸೂಜಿ, ಮಿಕ್ಕವಕ್ಕೆ ಬಿಳಿ ಸೂಜಿ. ಉಪ್ಪು ಗಾಳಿಗೆ ಬಿಳಿ ಸೂಜಿ ಕಿಲುಬು ಹಿಡಿಯುತ್ತೆ ಅಂತ ಅಪ್ಪ ಕಡಲ ಕಡೆ ಹೋಗುವಾಗ ಮಾತ್ರ ಕಪ್ಪು ಬಣ್ಣ ಬಳಿದ ಸೂಜಿ ಒಯ್ತಿದ್ದರು. ಡಬ್ಬಿಗೆ ತುಂಬಿಕೊಡ್ತಿದ್ದವಳು ನಾನೇ. ಅವತ್ತೇ ನನಗೆ ಖಾತ್ರಿಯಾಗಿ ಗೊತ್ತಾಯಿತು, ಬೆಳ್ಳಿಚುಕ್ಕಿ ಜೌಗಿನದಲ್ಲ, ಉಪ್ಪಿನ ಗದ್ದೆಯದು ಅಂತ. ಎದ್ದು ಹೋಗಿ ತಂತಿ ಕೊಡಬಹುದಿತ್ತು. ಪೆಟ್ಟಿಗೆ ಮುಚ್ಚಿಟ್ಟೆ.

ಹತ್ತು ದಿನವಾದರೂ ನೀನು ಬರದಿದ್ದಾಗ ಅಮ್ಮ ಹೋಗಿ ದೂರು ಕೊಟ್ಟಳು. ಹದಿನೈದನೇ ದಿನ ಹುಡುಕೋ ಅಧಿಕಾರಿ ಜೌಗಿನಿಂದ ನಿನ್ನ ಒಲೆ ಮತ್ತು ಕೆಟಲ್ ತಂದರು. ತೊಳೆದು, ಬಂಡೆ ಮೇಲೆ ಬೋರಲು ಹಾಕಿತ್ತಂತೆ. ಬೆಳಿಗ್ಗೆ ಎದ್ದು ತೊಳೆದಿಟ್ಟು ಹೋದವನು ಕೆಸರಿನಲ್ಲಿ ಸಿಕ್ಕಿಕೊಂಡಿರಬೇಕು ಅಂದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬೋರಲು ಹಾಕಿದರೆ ಈ ಜಾಗ ಬಿಟ್ಟೆ, ಭಾರದ ಸಾಮಾನು ಆಮೇಲೆ ಬಂದು ಒಯ್ತೀನಿ ಅಂತ ಅರ್ಥ, ಅಪ್ಪ ನಮಗೆ ಕಲಿಸಿದ್ದು ಅದೇ. ನೀನು ಗಿಡ ನೋಡಿ ಚಿಟ್ಟೆ ಹುಡುಕೋನು. ಬೆಳ್ಳಿಚುಕ್ಕಿಯ ಹುಳು ತಿನ್ನೋ ಬಳ್ಳಿ ಅಲ್ಲಿ ಒಂದು ಎಳೆಯೂ ಇಲ್ಲ, ಅದನ್ನ ಕಾಯೋ ಮರಳಿನ ಇರುವೆಯೂ ಇಲ್ಲ ಅಂತ ಮೂರು ದಿನದಲ್ಲಿ ನಿನಗೆ ತಿಳಿದಿರುತ್ತೆ. ತಿಳಿದ ಮೇಲೆ ಮನೆಗೆ ಬರೋ ಜಾಯಮಾನ ನಿನ್ನದಲ್ಲ, ಕಡಲಿನ ಕಡೆ ಇಳಿದಿರ್ತೀಯ. ಇಷ್ಟೂ ನನಗೆ ಆ ಬಾಗಿಲಲ್ಲಿ ನಿಂತಾಗಲೇ ಹೊಳೆಯಿತು. ಅವರು ಬೇರೆ ಏನಾದರೂ ಗೊತ್ತಾ ಅಂತ ಕೇಳಿದರು. ಇಲ್ಲ ಅಂದೆ. ಮೊದಲ ದಿನ ಕೆಲಸ ಹೋಗುತ್ತೆ ಅಂತ ಭಯ. ಆಮೇಲೆ ಅಮ್ಮನ ಮುಖದ ಭಯ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳ್ತಾರಲ್ಲ ಅನ್ನೋ ಭಯ, ಅದು ಎಲ್ಲಕ್ಕಿಂತ ದೊಡ್ಡದಾಗಿ ಬೆಳೆಯಿತು. ಅವರು ಮೂರು ಸಲ ಜೌಗನ್ನ ಜಾಲಾಡಿದರು. ನಾನು ಜೌಗಿನ ವಿಳಾಸಕ್ಕೇ ಕಾಗದ ಹಾಕುತ್ತಾ ಕೂತೆ. ಬೇರೆ ವಿಳಾಸ ಬರೆದರೆ ಒಪ್ಪಿಕೊಂಡ ಹಾಗಾಗ್ತಿತ್ತು.

ನಾಳೆ ನಿನ್ನ ಕಡತ ಮುಚ್ಚುತ್ತಾರಂತೆ. ಅಮ್ಮನ ರುಜು ಬೇಕು ಅಂತ ಅಧಿಕಾರಿ ಇವತ್ತು ನಾಲ್ಕು ಗಂಟೆಗೆ ಬರ್ತಿದ್ದಾರೆ. ನಾನು ಹೇಳಿಬಿಡ್ತೀನಿ. ಇದನ್ನ ನಿನಗೆ ಬರೆದಾದ ಮೇಲೆ ಅವರಿಗೆ ಹೇಳೋದು ಕಷ್ಟವಾಗಲಾರದು. ನೀನು ಅಲ್ಲೇ ಕಡಲ ದಂಡೆಯಲ್ಲಿ ಬೆಳ್ಳಿಚುಕ್ಕಿ ಸಿಕ್ಕ ಖುಷಿಯಲ್ಲಿ ಲೋಕ ಮರೆತು ಗಡ್ಡ ಬಿಟ್ಟುಕೊಂಡು ಕೂತಿದ್ದೀಯ ಅಂತಲೇ ನಾನು ನಂಬಿರೋದು. ನನ್ನ ಮೇಲೆ ಕೋಪ ಬಂದಿದ್ದರೆ ಬಂದು ಎದುರಿಗೆ ಬೈಯಿ, ಒಂದು ಮಾತೂ ತಿರುಗಿ ಆಡಲ್ಲ. ಅಮ್ಮ ನಿನಗೆ ತುಂಬಾ ತುಂಬಾ ಆಶೀರ್ವಾದ ಹೇಳಿದ್ದಾಳೆ. ಬಿಸಿನೀರು ಕುಡಿ, ತಲೆ ಒರೆಸಿಕೋ, ಬೇಗ ಬಾ.

ಇಂತಿ ನಿನ್ನ ದಾರಿ ಕಾಯ್ತಿರೋ
ಅಕ್ಕ

ತಾಜಾ ಕಲಂ: ಈಗ ಆರೂವರೆ. ಹೇಳಿದೆ. ಅಧಿಕಾರಿ ಬೈಯಲಿಲ್ಲ, ನನ್ನನ್ನ ತಮ್ಮ ಕಚೇರಿಗೆ ಕರೆದುಕೊಂಡು ಹೋಗಿ, ಎದುರಿಗೆ ಕೂರಿಸಿಕೊಂಡೇ ಉಪ್ಪಿನ ಗದ್ದೆಯ ಠಾಣೆಗೆ ಫೋನ್ ಮಾಡಿದರು. ಆ ಕಡೆಯವರು ಅಲ್ಲಿನ ಕಾವಲುಗಾರನನ್ನ ಕರೆಸಿ ಮಾತಾಡಿಸಿದರು. ಎಂಟು ತಿಂಗಳ ಹಿಂದೆ ಬಲೆ ಹಿಡಿದವನೊಬ್ಬ ಜ್ವರದಲ್ಲಿ ನಡೆದು ಬಂದು ಉಪ್ಪಿನ ಕೊಟ್ಟಿಗೆಯಲ್ಲಿ ಮಲಗಿದನಂತೆ. ಹಂಗಾಮು ಮುಗಿದು ಜನ ಹೊರಟುಹೋಗಿದ್ದರು, ಇದ್ದವನು ಈ ಕಾವಲುಗಾರ ಒಬ್ಬನೇ. ಮನೆ ಎಲ್ಲಿ, ಯಾರಿಗೆ ಹೇಳಿ ಕಳಿಸಲಿ ಅಂತ ಕೇಳಿದರೆ ಯಾರಿಗೂ ಬೇಡ, ನಮ್ಮಕ್ಕನಿಗೆ ಗೊತ್ತಾಗಿರುತ್ತೆ, ಅವಳೇ ಬರ್ತಾಳೆ ಅಂತಿದ್ದೆಯಂತೆ. ದಿನಾ ಅದನ್ನೇ ಅಂತಿದ್ದೆಯಂತೆ. ಅವನು ನಂಬಿ ಸುಮ್ಮನಾದ. ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ಠಾಣೆಯವರು ಬಂದು ಹೆಸರಿಲ್ಲದವನು ಅಂತ ಬರೆದುಕೊಂಡು ಅಲ್ಲೇ ಮಣ್ಣು ಮಾಡಿದರಂತೆ. ಅಮ್ಮನಿಗೆ ಇನ್ನೂ ಹೇಳಿಲ್ಲ, ಅವಳು ನಿನ್ನ ಕೋಣೆಯ ಬಾಗಿಲಲ್ಲಿ ಕೂತಿದ್ದಾಳೆ. ಕೆಟಲ್ ಮನೆಗೆ ಬಂದ ದಿನ ನೀನು ಇನ್ನೂ ಇದ್ದೆ, ತಮ್ಮಾ. ಬರುವಾಗ ಬಸ್ ನಿಲ್ದಾಣದಲ್ಲಿ ವಿಚಾರಿಸಿದೆ. ಅಲ್ಲಿಗೆ ದಿನಕ್ಕೆ ಎರಡು ಬಸ್ಸಿದೆ, ನಾಲ್ಕು ಗಂಟೆಯ ದಾರಿ.