ಕೇಳದೆ ಕೊಟ್ಟ ಕೊಸರು

ಮಾರ್ಚ್ ೧೯, ಭಾನುವಾರ

ಪ್ರೀತಿಯ ಸಣ್ಣುವಿಗೆ,

ಅಕ್ಕನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಹವಾಮಾನ ವರದಿ ಓದುತ್ತಿರುತ್ತದೆ. ನಿನ್ನ ಮನೆಯಿಂದ ಬಂದು ಇಷ್ಟು ದಿನವಾದರೂ ಒಂದಕ್ಷರ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತೆ, ಹರಿದೆ, ಮತ್ತೆ ಕೂತೆ. ಹರಿದ ಕಾಗದದಲ್ಲಿ ಈರುಳ್ಳಿ ಸಿಪ್ಪೆ ಸುತ್ತಿ ಬಿಸಾಕಿದ್ದೇನೆ, ದಂಡವೇನೂ ಆಗಿಲ್ಲ.

"ಯಾಕಕ್ಕ, ಉಳ್ಕೋತೀನಿ ಅಂದವಳು ಸಂಜೆ ಬಸ್ಸಿಗೇ ಹೊರಟ್ಬಿಟ್ಟೆ?" ಅಂತ ನೀನು ಫೋನ್ ಮಾಡಿದಾಗಲೆಲ್ಲ ಕೇಳುತ್ತೀಯ. "ಆಮ್ಲೆಟ್ ಗಾಡಿ ಬಿಟ್ಟು ಎಷ್ಟು ಹೊತ್ತು ಅಂತ ಇರ್ಲಿ" ಅಂದು ನಾನು ಜಾರಿಕೊಳ್ಳುತ್ತೇನೆ. ಫೋನಿನಲ್ಲಿ ನಿನಗೆ ಏನು ಹೇಳಹೋದರೂ ಮಧ್ಯೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಆ ಕಾಟವಿಲ್ಲ. ಕೂತು ಓದು, ನಿಂತು ಓದಬೇಡ.

ಮೊದಲು ಸಂತೋಷದ ಮಾತು. ನಿನ್ನ ಮಗಳಿಗೆ ಹುಡುಗನ ಮನೆಯವರು ಹೂಂ ಅಂದರೆಂದು ನೀನು ಫೋನಿನಲ್ಲಿ ಹೇಳಿದ ಹೊತ್ತಿಗೆ ತವಾದ ಮೇಲಿದ್ದ ಆಮ್ಲೆಟ್ ಸೀದೇಹೋಯಿತು. ಎದುರಿಗಿದ್ದ ಆಟೋದವನು "ಏನಮ್ಮಾ, ಇವತ್ತು ಕಪ್ಪು ಆಮ್ಲೆಟ್ಟಾ?" ಅಂದ. "ನಮ್ಮ ಕೂಸಿನ ಮದುವೆ ಕಣೋ, ಸುಮ್ನೆ ತಿನ್ನು" ಅಂದೆ. ತಿಂದ, ಪಾಪ.

ಈಗ ಆ ದಿನದ ವಿಷಯ. ನೀನು ಮೇಜಿನ ಮೇಲೆ ನಡೆದದ್ದನ್ನು ಮಾತ್ರ ನೋಡಿದ್ದೀಯ. ಕೆಳಗೆ ನಡೆದದ್ದನ್ನು ನಾನು ಹೇಳುತ್ತೇನೆ.

ಹೊರಡುವ ದಿನ ಬೆಳಿಗ್ಗೆ ತಲೆಗೆ ಎರಡೆರಡು ಸಲ ಸೋಪು ತಿಕ್ಕಿದ್ದೆ. ಆದರೂ ಬಸ್ಸಿನಲ್ಲಿ ಪಕ್ಕದ ಸೀಟಿನಾಕೆ ಮೂಗು ಮೇಲೆತ್ತಿ, "ಎಲ್ಲೋ ಈರುಳ್ಳಿ ಹುರೀತಿದಾರೆ ಅಲ್ವಾ?" ಅಂದಳು. "ಹೌದಮ್ಮ, ನಿನ್ನೆ ಸಂಜೆ" ಅನ್ನಬೇಕೆನಿಸಿತು. "ಡ್ರೈವರ್ ಡಬ್ಬಿ ಇರ್ಬೇಕು" ಅಂದೆ. ಮುಂದಿನ ಸ್ಟಾಪಿನಲ್ಲಿ ಆಕೆ ಎದ್ದು ಹಿಂದಿನ ಸೀಟಿಗೆ ಹೋದಳು. ನನಗೇನು ನಷ್ಟ, ಕಿಟಕಿ ಸಿಕ್ಕಿತು.

ನಿನ್ನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನನ್ನ ಪರೀಕ್ಷೆ ಶುರುವಾಯಿತು. "ಅಕ್ಕ, ನೀನು ಹೋಟೆಲ್ ನಡೆಸ್ತೀಯ ಅಂತ ಹೇಳ್ಬಿಟ್ಟಿದೀನಿ. ಗಾಡಿ ಮಾತು ಎತ್ತಬೇಡ. ಅವರು ಓದಿದ ಜನ. ಕೂಸಿನ ಬಾಳಿನ ಪ್ರಶ್ನೆ" ಅಂದೆ ನೀನು. ಆಯ್ತು ಬಿಡು ಅಂದೆ ನಾನು. ಹುಡುಗ ಹುಡುಗಿ ತಾವೇ ಒಪ್ಪಿ ಆಗಿತ್ತು. ಹಿರಿಯರು ಒಟ್ಟಿಗೆ ಕೂತು ಊಟ ಮಾಡಿ ತಲೆಯಾಡಿಸುವುದೊಂದೇ ಬಾಕಿ. ಅದಕ್ಕೆ ನನ್ನಿಂದ ಕಲ್ಲು ಬೀಳಬಾರದು. ಒಂದು ಮಧ್ಯಾಹ್ನದ ಮಟ್ಟಿಗೆ ಗಾಡಿಗೆ ನಾಲ್ಕು ಗೋಡೆ ಕಟ್ಟಿಸಿಕೊಂಡರೆ ನನ್ನ ಗಂಟೇನು ಹೋಗುತ್ತದೆ? ಒಪ್ಪಿಯೇ ಒಪ್ಪಿದ್ದೆ. ಇದನ್ನು ನೆನಪಿಟ್ಟುಕೋ.

ಆಮೇಲೆ ನಿನ್ನ ಹೆಂಡತಿ ಶಾಲು ತಂದಳು. "ಅತ್ತಿಗೆ, ಹೊದ್ಕೊಳ್ಳಿ, ಫ್ಯಾನ್ ಗಾಳಿ ಜಾಸ್ತಿ." ಹೊರಗೆ ಡಾಂಬರು ಕರಗುವ ಬಿಸಿಲು, ನನಗೆ ಉಣ್ಣೆಯ ಶಾಲು! ಮುಂಗೈಯಲ್ಲಿ ಎಣ್ಣೆ ಸಿಡಿದ ಚುಕ್ಕೆಗಳಿವೆಯಲ್ಲ, ಅದನ್ನು ಮುಚ್ಚಲು ಅಂತ ನನಗೆ ಅರ್ಥವಾಗದೆ ಇರುತ್ತದೆಯೇ. ಹೊದ್ದುಕೊಂಡೆ. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು, ಮುಖದಲ್ಲಿ ಹೋಟೆಲಿನ ಯಜಮಾನಿಯ ನಗು.

ಬೀಗರ ಕಾರು ಬಂತು. ಹುಡುಗ ಇಳಿದ, ಅವನ ತಾಯಿ ಇಳಿದರು. ಕೊನೆಗೆ ತಂದೆ. ನಿವೃತ್ತ ಪ್ರಿನ್ಸಿಪಾಲರು ಅಂತ ನೀನು ಹೇಳಿದ್ದೆ. ಅವರು ಕನ್ನಡಕ ಒರೆಸಿಕೊಂಡು ತಲೆ ಎತ್ತಿದರು ನೋಡು, ನನ್ನ ಕೈಯಲ್ಲಿದ್ದ ನೀರಿನ ಜಗ್ಗು ತಾನಾಗಿ ತಗ್ಗಿತು.

ನನ್ನ ಗಾಡಿಗೆ ಒಬ್ಬರು ಗಿರಾಕಿ ಇದ್ದಾರೆ. ಹೆಸರು ನಾನು ಕೇಳಿಲ್ಲ, ಅವರು ಹೇಳಿಲ್ಲ. ಆಗಾಗ ಯಾವುದೋ ಮೀಟಿಂಗಿಗೆಂದು ನಮ್ಮೂರಿಗೆ ಬಂದು, ಸಂಜೆ ವಾಪಸು ಬಸ್ಸು ಹತ್ತುವ ಮುಂಚೆ ಗಾಡಿಗೆ ಬರುತ್ತಾರೆ. ಎದುರಿಗೆ ನಿಲ್ಲುವುದಿಲ್ಲ, ಬಲ್ಬಿನ ಬೆಳಕು ಬೀಳದ ಹಿಂದುಗಡೆ ಗೋಡೆಗೆ ಒರಗಿ ತಿನ್ನುತ್ತಾರೆ. ನಾವೆಲ್ಲ ಅವರನ್ನು ಕತ್ತಲೆ ಸಾರ್ ಅನ್ನುತ್ತೇವೆ. ಎರಡು ಮೊಟ್ಟೆ, ಬೆಣ್ಣೆಯಲ್ಲಿ ಕೆಂಪಗೆ ಕಾಯಿಸಿದ ಬನ್ನು. ಕೊನೆಗೆ ತಟ್ಟೆ ಮುಂದೆ ಚಾಚಿ, "ಬೆಣ್ಣೆ ಕೊಸರು, ಅಮ್ಮಾ" ಅನ್ನುತ್ತಾರೆ, ಚಿಕ್ಕ ಮಕ್ಕಳ ಹಾಗೆ. ನನ್ನ ಪದ್ಧತಿ ನಿನಗೆ ಗೊತ್ತಲ್ಲ. ಅಳತೆ ಅಂದರೆ ಅಳತೆ. ಅದರ ಮೇಲೆ ಗಿರಾಕಿ ಬಾಯಿಬಿಟ್ಟು ಕೇಳಿದರೆ ಮಾತ್ರ ಕೊಸರು. ಕೇಳದವರಿಗೆ ಕೊಟ್ಟು ಕೊಟ್ಟು ಕೆಡಿಸಬಾರದು. ಅವರು ಕೇಳುತ್ತಿದ್ದರು, ನಾನು ಕೊಡುತ್ತಿದ್ದೆ.

ಆ ಕತ್ತಲೆ ಸಾರ್, ಹಗಲು ಹೊತ್ತಿನಲ್ಲಿ, ನಿನ್ನ ಮನೆಯ ಸೋಫಾದ ಮೇಲೆ!

ಅವರಿಗೂ ಗುರುತು ಸಿಕ್ಕಿತು. ಮುಖ ಬೇಯಿಸಿದ ಮೊಟ್ಟೆಯ ಹಾಗೆ ಬಿಳಿಯಾಯಿತು. ಯಾಕೆ ಇಷ್ಟು ಹೆದರಿಕೆ ಅಂತ ಮೊದಲು ನನಗೆ ತಿಳಿಯಲಿಲ್ಲ. ಊಟಕ್ಕೆ ಕೂತಾಗ ಅವರ ಹೆಂಡತಿ ಅವರ ತಟ್ಟೆಗೆ ಬೇಯಿಸಿದ ತರಕಾರಿ ಬಿಟ್ಟು ಬೇರೇನೂ ಬೀಳದಂತೆ ಕೈ ಅಡ್ಡ ಹಿಡಿದರಲ್ಲ, ಆಗ ತಿಳಿಯಿತು. "ಹೋದ ವರ್ಷ ಇವರಿಗೆ ಎದೆನೋವು ಬಂದು ಆಸ್ಪತ್ರೆ ಬಾಗಿಲು ನೋಡ್ಕೊಂಡು ಬಂದಿದೀವಿ. ಆವತ್ತಿನಿಂದ ಹೊರಗಿನ ಒಂದು ತೊಟ್ಟು ಎಣ್ಣೆ ಮುಟ್ಟಿಲ್ಲ. ಡಾಕ್ಟ್ರೇ ಬೇರೆ ರೋಗಿಗಳಿಗೆ ಇವರನ್ನ ತೋರಿಸ್ತಾರೆ" ಅಂದರು.

ಸಣ್ಣೂ, ಉಣ್ಣೆಯ ಶಾಲಿನ ಒಳಗೆ ನನಗೆ ಚಳಿ ಹುಟ್ಟಿತು. ಆ ಎದೆಗೆ ಬೆಣ್ಣೆ ಮೆತ್ತುತ್ತಿದ್ದ ಕೈ ಇದೇ. ಹೇಳಿದರೆ ನಿನ್ನ ಹೋಟೆಲು ಕುಸಿಯುತ್ತದೆ, ಕೂಸಿನ ಮದುವೆ ಅದರಡಿಗೆ. ಹೇಳದೆ ಇದ್ದರೆ ಆ ಮನುಷ್ಯ ಇನ್ನೊಂದು ಗಾಡಿ ಹುಡುಕಿಕೊಂಡು ಕತ್ತಲೆಯಲ್ಲಿ ನಿಲ್ಲುತ್ತಾನೆ. ಅವರು ನನ್ನನ್ನೇ ನೋಡುತ್ತಿದ್ದರು. ನಾನು ಅವರ ಚಮಚ ನೋಡುತ್ತಿದ್ದೆ. ಒಬ್ಬರ ಜುಟ್ಟು ಒಬ್ಬರ ಕೈಯಲ್ಲಿ.

ಅಷ್ಟರಲ್ಲಿ ಆ ತಾಯಿ ನನ್ನ ಕಡೆ ತಿರುಗಿದರು.

"ನಿಮ್ಮ ಹೋಟೆಲು ಎಲ್ಲಿ ಬರುತ್ತೆ?"

"ಬಸ್ ಸ್ಟ್ಯಾಂಡ್ ಪಕ್ಕದಲ್ಲೇ."

"ಎ.ಸಿ. ಇದೆಯಾ?"

"ನಾಲ್ಕೂ ಕಡೆಯಿಂದ ಗಾಳಿ."

"ಎಷ್ಟು ಜನ ಕೂರಬಹುದು?"

"ಕೂರೋರು ಕಮ್ಮಿ. ನಿಂತ್ಕೊಳ್ಳೋರು ಲೆಕ್ಕಕ್ಕಿಲ್ಲ."

ನಿನಗೆ ಕೆಮ್ಮು ಬಂತು. ನೀರು ಕುಡಿದೆ. ನಾನು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಟ್ಟೆ. "ನಮ್ಮಲ್ಲಿಗೆ ವಯಸ್ಸಾದೋರು ಒಬ್ರು ಬರ್ತಾರೆ. ಅವರಿಗೆ ಎದೆ ಕಾಯಿಲೆ ಅಂತ ನಂಗೆ ಈಚೆಗೆ ಗೊತ್ತಾಯ್ತು. ಇನ್ಮೇಲೆ ಅವರು ಎಷ್ಟು ಕೇಳಿದ್ರೂ ಬೆಣ್ಣೆ ಇಲ್ಲ. ಅಳತೇದೂ ಇಲ್ಲ, ಕೊಸರೂ ಇಲ್ಲ." ಎದುರಿನ ಚಮಚ ತಟ್ಟೆಗೆ ಬಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನಾನು ಹೇಳಬೇಕಾದವರಿಗೆ ಹೇಳಿದ್ದೆ, ಕೇಳಬೇಕಾದವರು ಕೇಳಿಸಿಕೊಂಡಿದ್ದರು. ಉಳಿದವರು ಸಾರು ಬಡಿಸಿಕೊಳ್ಳುತ್ತಿದ್ದರು.

ಮುಗಿಯಲು ನೀನು ಬಿಡಬೇಕಲ್ಲ. ಬೀಗರನ್ನು ಮೆಚ್ಚಿಸುವ ಹುರುಪಿನಲ್ಲಿ ಶುರು ಮಾಡಿದೆ: "ಹೊರಗಿನ ತಿಂಡಿ ವಿಷ ಸರ್. ಹೋಟೆಲಾದ್ರೆ ಒಂದು ಮರ್ಯಾದೆ. ಈ ಬೀದಿ ಗಾಡಿಯವರು ಇದಾರಲ್ಲ, ಅವರನ್ನೆಲ್ಲ ಎತ್ತಿ ಊರಾಚೆ ಹಾಕ್ಬೇಕು."

ನಿನ್ನ ಮಗಳು ತಟ್ಟೆಯಲ್ಲಿ ಬೆರಳಾಡಿಸುವುದನ್ನು ನಿಲ್ಲಿಸಿದಳು. ರಜೆಗೆ ಬಂದಾಗಲೆಲ್ಲ ಗಾಡಿಯ ಮೇಲೆ ಕೂತು ಕಾಲಾಡಿಸಿಕೊಂಡು ಬನ್ನು ತಿಂದ ಹುಡುಗಿ ಅದು. "ಅಪ್ಪಾ" ಅಂದಳು. ನಿನಗೆ ಕೇಳಿಸಲಿಲ್ಲ.

ಕತ್ತಲೆ ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗನ್ಬೇಡಿ" ಅಂದರು. "ನಾನು ತಿಂತೀನಿ. ಗಾಡೀಲೇ ತಿಂತೀನಿ." ಹೆಂಡತಿಯ ಕಡೆ ನೋಡಲಿಲ್ಲ. "ಇವರ ಕೈಯಲ್ಲೇ ತಿಂದಿದೀನಿ. ಆಸ್ಪತ್ರೆಯಿಂದ ಬಂದ ಮೇಲೂ ತಿಂದಿದೀನಿ. ತಪ್ಪು ನಂದು, ಇವರಿಗೆ ಗೊತ್ತಿರಲಿಲ್ಲ. ಅಷ್ಟು ಚೊಕ್ಕಟವಾದ ಗಾಡಿ ನಾನು ಇನ್ನೆಲ್ಲೂ ನೋಡಿಲ್ಲ."

ಆ ತಾಯಿಯ ಕೈಯಲ್ಲಿ ಸೌಟು ಅರ್ಧಕ್ಕೇ ನಿಂತಿತ್ತು. ಹುಡುಗ ಅಪ್ಪನ ಮುಖ ನೋಡುತ್ತಾನೆ, ನಿನ್ನ ಹೆಂಡತಿ ನನ್ನ ಶಾಲು ನೋಡುತ್ತಾಳೆ. ನಾನು ನಿನ್ನನ್ನು ನೋಡಿದೆ.

ನೀನು ನಕ್ಕೆ. "ಅಲ್ಲ ಸರ್, ನೀವು ಬೇರೆ ಯಾರನ್ನೋ ನೋಡಿರ್ಬೇಕು" ಅಂದೆ.

ನಾನು ನಿನ್ನ ಬೆನ್ನಿಗೆ ನಿಂತೆ. ನಿಲ್ಲದೆ ಏನು ಮಾಡಲಿ? "ನನ್ನಂಥ ಮುಖ ಊರಿಗೊಂದು ಇರುತ್ತೆ ಸಾರ್" ಅಂದೆ, ನಗುತ್ತಲೇ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಇರಬಹುದು" ಅಂತ ಕನ್ನಡಕ ಹಾಕಿಕೊಂಡು ತರಕಾರಿ ತಿನ್ನತೊಡಗಿದರು. ಹೆಂಡತಿಯ ಮುಂದೆ ಕಳ್ಳರಾದರು, ನಮ್ಮ ಮುಂದೆ ಮರುಳರಾದರು. ಒಂದೇ ಊಟದಲ್ಲಿ ಎರಡೂ.

ಊಟವಾದ ಮೇಲೆ ನೀನು ಗಂಡಸರಿಗೆ ಮನೆ ತೋರಿಸಲು ಮಹಡಿಗೆ ಹೋದೆ. ನಾನು ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದೆ. ಸೆಕೆ ತಡೆಯದೆ ಶಾಲು ತೆಗೆದು ಬಾಗಿಲಿಗೆ ಹಾಕಿದ್ದೆ. ಆ ತಾಯಿ ಕೈ ತೊಳೆಯಲು ಬಂದವರು ನನ್ನ ಮುಂಗೈ ನೋಡಿದರು. ಮುಚ್ಚಿಕೊಳ್ಳಲು ಹೊತ್ತು ಸಿಗಲಿಲ್ಲ. ಅವರು ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ ಮೆಲ್ಲಗೆ ಅಂದರು: "ಅದು ನೀವಲ್ಲ ಅಂದ್ರಿ, ಸರಿ. ಆ ಗಾಡಿಯಮ್ಮ ಎಲ್ಲಾದ್ರೂ ಸಿಕ್ರೆ ಒಂದು ಮಾತು ಹೇಳಿ. ನಮ್ಮನೆಯವರು ಬಂದ್ರೆ ಓಡಿಸ್ಬೇಡಿ ಅನ್ನಿ. ಓಡಿಸಿದ್ರೆ ಇನ್ನೆಲ್ಲೋ ಹೋಗಿ ಏನೇನೋ ತಿಂತಾರೆ. ಒಂದೇ ಮೊಟ್ಟೆ, ಬೆಣ್ಣೆ ಬೇಡ. ಮತ್ತೆ ಬೆಳಕಲ್ಲಿ ಕೂರಿಸಿ ಕೊಡಲಿ."

"ಸಿಕ್ರೆ ಹೇಳ್ತೀನಿ" ಅಂದೆ.

"ಮದುವೆಗೆ ಆಕೇನೂ ಬರಲಿ" ಅಂದರು. ಬಾಗಿಲಿನ ಶಾಲು ತೆಗೆದು ಮಡಿಚಿ ಪಕ್ಕಕ್ಕಿಟ್ಟು ಹೋದರು.

ತಿಳಿಯಿತೇನೋ? ನಿನ್ನ ಹೋಟೆಲನ್ನು ಅವರು ನಂಬಿರಲಿಲ್ಲ. ಅವರ ಗಂಡ ನಂಬಿರಲಿಲ್ಲ. ಅವರ ಮಗನಿಗೆ ನಿನ್ನ ಮಗಳು ಮೊದಲೇ ಎಲ್ಲ ಹೇಳಿದ್ದಾಳಂತೆ, ನನ್ನನ್ನು ಬಸ್ಸು ಹತ್ತಿಸಲು ಬಂದಾಗ ಅವಳೇ ಅಂದಳು. ಆ ಮೇಜಿನ ಸುತ್ತ ಆ ಹೋಟೆಲಿನಲ್ಲಿ ಕೂತಿದ್ದವನು ನೀನೊಬ್ಬನೇ.

ಹೋದ ವಾರ ಸಾರ್ ಬಂದಿದ್ದರು. ಎಂದಿನಂತೆ ಹಿಂದುಗಡೆ ಹೋಗಲು ನೋಡಿದರು. ಬಲ್ಬಿನ ಕೆಳಗೆ ಸ್ಟೂಲು ಹಾಕಿ, "ಇಲ್ಲಿ ಕೂತ್ಕೊಳ್ಳಿ, ನಿಮ್ಮನೆಯವರ ಆರ್ಡರು" ಅಂದೆ. ಕೂತರು. ಒಂದು ಮೊಟ್ಟೆ, ಒಣ ಬನ್ನು. ಮುಖ ಸಣ್ಣಗೆ ಮಾಡಿಕೊಂಡು ತಿಂದರು. ನಿನ್ನ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋಗುವಾಗ "ಇದರಲ್ಲೂ ರುಚಿ ಇದೆ ಅಮ್ಮಾ" ಅಂದರು. ಸುಳ್ಳು. ಆದರೆ ಯಾರನ್ನೂ ನೋಯಿಸದ ಸುಳ್ಳು.

ನಿನ್ನ ಬಿ.ಪಿ. ಮಾತ್ರೆ ತಪ್ಪಿಸಬೇಡ. ನಿನ್ನ ಹೆಂಡತಿಗೆ ಶಾಲು ಅಡುಗೆಮನೆಯಲ್ಲೇ ಇದೆ ಅಂತ ಹೇಳು, ಅವಳ ಮೇಲೆ ನನಗೆ ಕೋಪವಿಲ್ಲ. ಕೂಸಿಗೆ ನೂರು ವರ್ಷ ಆಯಸ್ಸಿರಲಿ, ಅವಳ ಮನೆಯಲ್ಲಿ ಬೆಂದದ್ದನ್ನು ಎಲ್ಲರೂ ಬೆಳಕಿನಲ್ಲಿ ಕೂತು ಉಣ್ಣುವಂತಾಗಲಿ. ನಿನಗೂ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಕ್ಕ

ಮತ್ತೆ: ಮೇಲೆ ಒಂದು ಮಾತು ಬಿಟ್ಟು ಬರೆದಿದ್ದೇನೆ. ಹರಿದ ಕಾಗದಗಳಲ್ಲೆಲ್ಲ ಇದ್ದದ್ದು ಅದೇ. "ಅಲ್ಲ ಸರ್, ಬೇರೆ ಯಾರನ್ನೋ ನೋಡಿರ್ಬೇಕು" ಅಂದೆಯಲ್ಲ, ಅಷ್ಟಕ್ಕೆ ನಾನು ಒಪ್ಪಿ ಬಂದಿದ್ದೆ, ಅದು ಅಳತೆಯ ಒಳಗೇ ಇತ್ತು. ನೀನು ಅಲ್ಲಿಗೆ ನಿಲ್ಲಿಸಲಿಲ್ಲ. "ಅಂಥವರು ನಮ್ಮನೇಲಿ ಯಾರೂ ಇಲ್ಲ ಸರ್" ಅಂದೆ. ಅದನ್ನು ಯಾರೂ ಕೇಳಿರಲಿಲ್ಲ, ಸಣ್ಣೂ. ಆ ಕೊಸರು ನೀನಾಗಿಯೇ ಕೊಟ್ಟದ್ದು. ಗಾಡಿಯ ಕೆಳಗಿನ ಖಾನೆಯಲ್ಲಿ ಈಗ ಮೊಟ್ಟೆ ಟ್ರೇ ಇಡುತ್ತೇನೆ. ಮುಂಚೆ ನಿನ್ನ ಸ್ಕೂಲ್ ಬ್ಯಾಗ್ ಇಡುತ್ತಿದ್ದೆ, ಎಣ್ಣೆ ತಾಗದ ಮೂಲೆ ಅದೊಂದೇ ಅಂತ.

ಮದುವೆಯ ದಿನ ಹೋಟೆಲಿನ ಯಜಮಾನಿಗೆ ಬಿಡುವಿಲ್ಲ, ಆಕೆ ಬರುವುದಿಲ್ಲ. ಅಂಥವಳಿಗೆ ಬಿಡುವಿದೆ. ನೀನು ಬಂದು ಕರೆದರೆ ಬರುತ್ತಾಳೆ. ಫೋನಿನಲ್ಲಿ ಬೇಡ. ಗಾಡಿಗೆ ಬಾ. ಸ್ಟೂಲು ಬಲ್ಬಿನ ಕೆಳಗೇ ಇದೆ.