ಬೇವಿನ ಬುಡದ ಕಲ್ಲು

ಮಾರ್ಚ್ 18, ಸೋಮವಾರ

ಅಂಗನವಾಡಿ ಹಾಜರಿ ಹತ್ತೊಂಬತ್ತು. ಶೀಟಿನ ಕೋಣೆ ಹನ್ನೊಂದಕ್ಕೇ ಕಾದ ಹಂಚು. ಮಕ್ಕಳನ್ನು ಎದುರಿನ ಖಾಲಿ ಜಾಗಕ್ಕೆ ಕರೆದೊಯ್ದೆ. ಬಡಾವಣೆಯ ನಕ್ಷೆಯಲ್ಲಿ ಅದು ಉದ್ಯಾನ. ಇರುವುದು ಐದು ಬೇವಿನ ಮರ, ಉಳಿದದ್ದೆಲ್ಲ ಕಸ. ಇಂದು ಯಾರೋ ಕಸಕ್ಕೆ ಬೆಂಕಿ ಬೇರೆ ಇಟ್ಟಿದ್ದಾರೆ. ಒಂದು ಮರದ ಬುಡ ಕಪ್ಪಾಗಿದೆ. ಮಕ್ಕಳು ಕೆಮ್ಮತೊಡಗಿದವು. ವಾಪಸ್ ಒಳಗೆ.

ಮಾರ್ಚ್ 23, ಶನಿವಾರ

ಹಾನಗಲ್ ಪೇಟೆಯಲ್ಲಿ ಬೋರ್ಡ್ ಬರೆಸಿ ತಂದು ನೆಟ್ಟಿದ್ದೆ — ಇಲ್ಲಿ ಕಸ ಹಾಕಬೇಡಿ. ಇಂದು ನೋಡಿದರೆ ಬೋರ್ಡಿನ ಕಂಬಕ್ಕೇ ಕಸದ ಚೀಲ ತೂಗುಹಾಕಿದ್ದಾರೆ. ಇವರಿಗೆ ಏನು ಹೇಳುವುದು...

ಮಾರ್ಚ್ 26, ಮಂಗಳವಾರ, ಬೆಳಿಗ್ಗೆ 6

ಮಾಡಿಬಿಟ್ಟೆ. ಅಡುಗೆ ಕೋಣೆಯ ಬಾಗಿಲಿಗೆ ಒತ್ತಿಡುತ್ತಿದ್ದ ಗುಂಡುಕಲ್ಲು. ತೊಳೆದು, ಸುಟ್ಟ ಬೇವಿನ ಬುಡಕ್ಕಿಟ್ಟು ಅರಿಷಿಣ ಕುಂಕುಮ ಹಚ್ಚಿದೆ. ನೋಡಿದ್ದು ಸಹಾಯಕಿ ಮಂಜುಳಾ ಒಬ್ಬಳೇ.

“ಅಕ್ಕಾರ, ಪಾಪ ಹತ್ತತೈತಿ ನೋಡ್ರಿ.”

“ಹತ್ತಿದ್ರ ನನಗ ಹತ್ತಲಿ. ನೀ ಎರಡು ಹೂವ ತಂದಿಡು.”

ಗೊಣಗುತ್ತಲೇ ತಂದಿಟ್ಟಳು.

ಏಪ್ರಿಲ್ 2, ಮಂಗಳವಾರ

ಒಂದು ವಾರ — ಒಂದು ಚೂರು ಕಸವಿಲ್ಲ! ಯಾರೋ ಗುಡಿಸಿ ನೀರು ಚಿಮುಕಿಸಿದ್ದಾರೆ. ಕಾಯಿ ಒಡೆದಿದ್ದಾರೆ. ಚಪ್ಪಲಿ ರಸ್ತೆಯಲ್ಲೇ ಬಿಟ್ಟು ಬರುತ್ತಾರೆ. ಸೆರಗು ಬಾಯಿಗೆ ಹಿಡಿದು ನಕ್ಕೆ.

ಏಪ್ರಿಲ್ 19, ಶುಕ್ರವಾರ

ಗೋಡೆಯ ಥರ್ಮಾಮೀಟರ್ ಒಯ್ದು ನೋಡಿದೆ. ಶೀಟಿನ ಕೆಳಗೆ ನಲವತ್ತೊಂದು. ಬೇವಿನ ಕೆಳಗೆ ಮೂವತ್ತೈದು. ಹಾಡು, ಊಟ, ನಿದ್ದೆ ಎಲ್ಲ ಈಗ ಅಲ್ಲೇ. ಮಕ್ಕಳ ಬೆವರುಸಾಲೆ ಇಳಿದಿದೆ. ಹಿಂದಿನ ಓಣಿಯ ಅನ್ನವ್ವ, ಮೊಣಕಾಲು ನೋವೆಂದು ಹೊಸ್ತಿಲು ದಾಟದವಳು, ಸಂಜೆ ಐದು ಸುತ್ತು ಹಾಕುತ್ತಾಳೆ. ಖುಷಿಯಾಗಿದೆ. ಪಶ್ಚಾತ್ತಾಪ ಏನೂ ಇಲ್ಲ.

ಜೂನ್ 10, ಸೋಮವಾರ

ರಜೆ ಮುಗಿಸಿ ಚಿಕ್ಕೇರೂರಿನ ತವರಿನಿಂದ ಬಂದೆ. ಕಲ್ಲಿನ ಸುತ್ತ ಸಿಮೆಂಟಿನ ಕಟ್ಟೆ. ಪಕ್ಕದಲ್ಲಿ ಉಸುಕು, ಜಲ್ಲಿ. ಫಕ್ಕೀರೇಶಣ್ಣ ಬಡಾವಣೆಯ ಹಿರಿಯ, ರಿಟೈರ್ಡ್ ಬಸ್ ಡ್ರೈವರ್, ಒಳ್ಳೆಯ ಮನುಷ್ಯ. ಹಿಗ್ಗಿನಿಂದ ನಕ್ಷೆ ಬಿಡಿಸಿ ತೋರಿಸಿದ.

“ಬೇವಿನವ್ವಗ ಗುಡಿ ಕಟ್ಟೋದೈತ್ರಿ ಅಕ್ಕಾರ. ಇಡೀ ಜಾಗಕ್ಕ ಸ್ಲ್ಯಾಬ್.”

“ಗಿಡ?”

“ನಾಕು ತಗೀಬೇಕಾಗತೈತಿ. ತಾಯಿದು ಒಂದು ಉಳಸ್ತೇವಿ.”

ಊಟ ಸೇರಲಿಲ್ಲ. ನನ್ನ ಕೈಯಾರೆ ಮಾಡಿಕೊಂಡದ್ದು. ಮುಂದಿನ ಬೇಸಿಗೆಗೆ ಮಕ್ಕಳನ್ನು ಎಲ್ಲಿ ಮಲಗಿಸಲಿ?

ಜೂನ್ 23, ಭಾನುವಾರ

ಮರದ ಕೆಳಗೇ ಮೀಟಿಂಗ್. ಎದ್ದು ಹೇಳಿಯೇ ಬಿಟ್ಟೆ:

“ಆ ಕಲ್ಲು ಇಟ್ಟಾಕಿ ನಾನ. ನಮ್ಮ ಅಡಗಿ ಖೋಲಿದು. ದೇವರಲ್ಲ. ನೀವು ಕಸ ಚೆಲ್ಲಬಾರದಂತ ಇಟ್ಟೆ.”

ಮಂಜುಳಾ ಹೌದೆಂದು ತಲೆಯಾಡಿಸಿದಳು. ಬೈಯುತ್ತಾರೆ ಅಂದುಕೊಂಡೆ. ಫಕ್ಕೀರೇಶಣ್ಣ ಕೈ ಮುಗಿದ.

“ಇಷ್ಟು ಮಂದ್ಯಾಗ ನಿಮ್ಮ ಕೈಲೇನ ಇಡಿಸ್ಕೊಂಡಾಳಂದ್ರ... ನೀವ ಹೇಳ್ರಿ ಅಕ್ಕಾರ. ತಾಯಿಗೆ ಏನು ಬೇಕಂತ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಮರಗಳನ್ನು ನೋಡಿದೆ.

“ಸೂರು ಬ್ಯಾಡಂತ. ಐದೂ ಗಿಡದ ನೆರಳು ಸಾಕಂತ.”

ಗುಡಿ ಕಟ್ಟುವ ಮಾತು ಅಲ್ಲಿಗೇ ನಿಂತಿತು. ಎರಡನೇ ಸುಳ್ಳು. ಮೊದಲನೆಯದರಷ್ಟು ಹಗುರಾಗಿಲ್ಲ.

ಜೂನ್ 25, ಮಂಗಳವಾರ

ಬೆಳಿಗ್ಗೆ ಬಾಗಿಲಲ್ಲಿ ಅನ್ನವ್ವ. ಹೆಗಲ ಮೇಲೆ ಮೊಮ್ಮಗಳು. ಮೂರು ದಿನದ ಜ್ವರ, ಹಣೆ ಸುಡುತ್ತಿತ್ತು.

“ದವಾಖಾನಿಗೆ ಒಯ್ದಿಲ್ಲೇನು?”

“ನಿಮ್ಮ ಕಡೇನ ಬಂದೇನ್ರಿ ಅಕ್ಕಾರ. ತಾಯಿ ಏನಂತಾಳ ಕೇಳ್ರಿ.”

ಆಟೋ ಕರೆದೆ. ಹತ್ತಲಿಲ್ಲ. ಬೈದೆ, ಬೇಡಿಕೊಂಡೆ. ಮಗುವನ್ನು ಅಪ್ಪಿಕೊಂಡು ಕಲ್ಲಿನ ಮುಂದೆ ಕುಳಿತುಬಿಟ್ಟಳು. ಬೇರೆ ದಾರಿ ಕಾಣಲಿಲ್ಲ. ಕಣ್ಣು ಮುಚ್ಚಿದೆ.

“ಈಗಿಂದೀಗ ದವಾಖಾನಿಗೆ ಒಯ್ಯಿ ಅಂತಾಳ.”

ಹತ್ತಿದಳು.

ಮಧ್ಯಾಹ್ನ 1. ಮಗುವಿಗೆ ಸಲೈನ್ ಹಚ್ಚಿದ್ದಾರೆ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ವಾಪಸ್ ಬಂದು ನೋಡಿದರೆ ಬೇವಿನ ಕೆಳಗೆ ಏಳೆಂಟು ಹೆಂಗಸರು, ಕೈಯಲ್ಲಿ ಕಾಯಿ, ಊದುಬತ್ತಿ. ಒಬ್ಬಳ ಕಂಕುಳಲ್ಲಿ ಹಸುಗೂಸು, ಅಳುವುದಕ್ಕೂ ಶಕ್ತಿಯಿಲ್ಲ.

“ಅಕ್ಕಾರ, ನಿಮ್ಮನ್ನ ಕರ್ಯಾಕತ್ತಾರ” ಎಂದಳು ಮಂಜುಳಾ.

ಹೋಗಬಾರದು. ಹೋಗದಿದ್ದರೆ ಆ ಕೂಸು—