ಅಕ್ಕನಿಗಾಗಿ ವಾರಕ್ಕೊಂದು ಸೂಜಿ

ಜನವರಿ ೨೮

ಸಾತನೂರಿನಲ್ಲಿ ಬೀಗರ ಊಟದ ಅಡಿಗೆ ಕೆಲಸ. ಮಟನ್ ಸಾರು, ಬೋಟಿ ಗೊಜ್ಜು, ಮುದ್ದೆ. ಎಲ್ಲರಿಗೂ ಬಡಿಸಿ ಕೊನೆಗೆ ನಾನು, ಅಶ್ವಥ್ ಕೂತೆವು. ನನ್ನ ಜೊತೆ ಒಲೆ ಕಾಯುವವನು ಅವನು. ಎರಡು ಮುದ್ದೆ ಉಂಡು ಮೂರನೆಯದಕ್ಕೆ ಕೈ ಚಾಚಿದಾಗ ಡಾಕ್ಟರ ಮಾತು ನೆನಪಾಯಿತು. ಕೈ ವಾಪಸ್.

ನನ್ನ ತೂಕ ನೂರಾ ನಾಲ್ಕು ಕೆ.ಜಿ. ಬೆಂಗಳೂರಿನ ಕಿಡ್ನಿ ಡಾಕ್ಟರು ಖಡಾಖಂಡಿತವಾಗಿ ಹೇಳಿದರು — ಬ್ಲಡ್ ಗ್ರೂಪ್ ಹೊಂದುತ್ತದೆ, ಶುಗರ್ ಇಲ್ಲ, ಆದರೆ ಈ ತೂಕದಲ್ಲಿ ನಿಮ್ಮ ಕಿಡ್ನಿ ತೆಗೆಯುವುದಿಲ್ಲ. ತೊಂಬತ್ತಕ್ಕೆ ಇಳಿಸಿಕೊಂಡು ಬನ್ನಿ.

ಅಕ್ಕನಿಗೆ ಇದು ಗೊತ್ತಿಲ್ಲ. ರಾಧಾಮಣಿ ಅಕ್ಕ. ಬೈರಾಪಟ್ಟಣದಿಂದ ವಾರಕ್ಕೆರಡು ಸಲ ರಾಮನಗರಕ್ಕೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಾಳೆ. ಭಾವನ ಗ್ರೂಪ್ ಹೊಂದಲಿಲ್ಲ. ನನ್ನ ಕಿಡ್ನಿ ಕೊಡುತ್ತೇನೆ ಅಂದರೆ ಬೇಡವೇ ಬೇಡ ಅನ್ನುವವಳು. ಮೊದಲು ತೂಕ ಇಳಿಯಲಿ, ಆಮೇಲೆ ಹೇಳಿದರಾಯಿತು.

ಹೆಂಡತಿ ನವ್ಯಶ್ರೀಗೆ ಹೇಳಿದ್ದೇನೆ. ಅಂದಿನಿಂದ ಮಾತಿಲ್ಲ. ತಟ್ಟೆ ಇಡುವ ಸದ್ದೇ ಎಲ್ಲ ಹೇಳುತ್ತದೆ.

ಫೆಬ್ರವರಿ ೩, ಮಧ್ಯಾಹ್ನ

ರಾಮನಗರ. ತೂಕ ಇಳಿಸುವ ಡಾಕ್ಟರು ತಾಹೇರಾ ಮೇಡಂ. ಮೂರು ಇಂಜೆಕ್ಷನ್ ಪೆನ್ನು ಮೇಜಿನ ಮೇಲಿಟ್ಟರು. ಮೂರೂ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುವಂಥವು. ಲಿರಾಗ್ಲುಟೈಡ್ — ದಿನಾ. ಸೆಮಾಗ್ಲುಟೈಡ್ — ವಾರಕ್ಕೊಂದು. ಟಿರ್ಜೆಪಟೈಡ್ — ಅದೂ ವಾರಕ್ಕೊಂದು, ಸಾಮಾನ್ಯವಾಗಿ ಹೆಚ್ಚು ತೂಕ ಇಳಿಸುವುದು ಅದೇ. ಹೊಟ್ಟೆ ತೊಳಸು, ವಾಂತಿ ಮೂರರಲ್ಲೂ ಆಗಬಹುದು.

"ಜೋರಾಗಿರೋದೇ ಕೊಡಿ ಮೇಡಂ."

"ಜೋರು ಅಂತ ಅಲ್ಲ ದೇವರಾಜು ಅವರೇ. ನಿಮ್ಮ ಮೈಗೆ ಯಾವುದು ಒಗ್ಗುತ್ತೆ ಅನ್ನೋದು ಮುಖ್ಯ. ಯಾವುದಾದ್ರೂ ಸಣ್ಣ ಡೋಸ್‌ನಿಂದ ಶುರು ಮಾಡಬೇಕು. ತಿಂಗಳಾದ ಮೇಲೆ ನೋಡಿ ನಾನು ಏರಿಸ್ತೀನಿ. ನೀವಾಗಿ ನೀವು ಏನೂ ಮಾಡಬೇಡಿ."

ದಿನಾ ಚುಚ್ಚಿಕೊಳ್ಳುವುದು ನನ್ನಿಂದ ಆಗದ ಮಾತು. ಒಂದು ದಿನ ಕನಕಪುರ, ಒಂದು ದಿನ ಮಾಗಡಿ. ಟಿರ್ಜೆಪಟೈಡ್ ಅಂತಾಯಿತು. ಪ್ರತಿ ಮಂಗಳವಾರ.

ಫೆಬ್ರವರಿ ೧೧

ಹಸಿವು ಎಲ್ಲಿ ಹೋಯಿತೋ! ಮಾಗಡಿಯಲ್ಲಿ ಕೊಪ್ಪರಿಗೆ ಮುಂದೆ ನಿಂತರೆ ಮಟನ್ ಕೊಬ್ಬಿನ ವಾಸನೆಗೇ ಹೊಟ್ಟೆ ತೊಳಸಿತು. ಉಪ್ಪು ನೋಡು ಅಂತ ಅಶ್ವಥ್‌ಗೆ ಸೌಟು ಕೊಟ್ಟೆ. ಇಷ್ಟು ವರ್ಷದಲ್ಲಿ ಇದೇ ಮೊದಲು.

ಪಂಕ್ತಿಯಲ್ಲಿ ಒಬ್ಬ ಅಜ್ಜ ಗಮನಿಸಿಬಿಟ್ಟ. "ಭಟ್ಟನೇ ಉಣ್ಣಾಕಿಲ್ಲ ಅಂತವ್ನೆ, ಏನ್ ಹಾಕವ್ನೋ!" ಎಲ್ಲರೂ ನಕ್ಕರು. ಆದರೆ ಇಬ್ಬರು ಎಲೆ ಮುಟ್ಟದೆ ಕೂತರು. ಅವರೆದುರೇ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಹಿತ್ತಲಿಗೆ ಹೋಗಿ ಉಗಿದೆ.

ಫೆಬ್ರವರಿ ೨೨, ಭಾನುವಾರ

ಅಕ್ಕನ ಮನೆ. ನಾನು ಬರುತ್ತೇನೆ ಅಂತ ಹಿತಕಿದ ಬೇಳೆ ಸಾರು ಮಾಡಿದ್ದಳು. ಅಷ್ಟು ಅವರೆಕಾಯಿ ಸುಲಿದು, ನೆನೆಸಿ, ಹಿತುಕಿ — ಆ ಮೈಯಲ್ಲಿ. ಎರಡು ತುತ್ತು ಹೋಯಿತು. ಮೂರನೆಯದು ಗಂಟಲಲ್ಲೇ ನಿಂತಿತು. ತಟ್ಟೆ ಸರಿಸಿದೆ.

"ಯಾಕ್ಲಾ? ಕಾಯಿಲೆಯೋಳ ಕೈ ಅಡಿಗೆ ಅಂತ ಅಸಹ್ಯವೇನ್ಲಾ?"

"ಹಂಗಲ್ಲ ಕಣಕ್ಕ. ಹಸಿವಿಲ್ಲ."

"ನಿಂಗೆ ಹಸಿವಿಲ್ವಾ? ಹುಟ್ದಾಗಿಂದ ನೋಡಿವ್ನಿ ನಿನ್ನ."

ತಟ್ಟೆ ಎತ್ತಿಕೊಂಡು ಒಳಗೆ ಹೋದವಳು ಹೊರಡುವಾಗಲೂ ಈಚೆ ಬರಲಿಲ್ಲ. ಅವಳ ಕಾಲು ಊದಿಕೊಂಡಿತ್ತು. ಹೇಳಿಬಿಡೋಣ ಅನ್ನಿಸಿತು. ಹೇಳದೆಯೇ ಬಸ್ ಹತ್ತಿದೆ.

ಫೆಬ್ರವರಿ ೨೬

ಇಳಿದಿರುವುದು ಬರೀ ಮೂರು ಕೆ.ಜಿ. ಹೀಗಾದರೆ ಯಾವ ಕಾಲಕ್ಕೆ? ಅಕ್ಕ ಅಲ್ಲಿ ದಿನದಿಂದ ದಿನಕ್ಕೆ ಸೊರಗುತ್ತಿದ್ದಾಳೆ. ಉರಿ ಸಾಲದಿದ್ದರೆ ಇನ್ನೊಂದು ಸೌದೆ ತಳ್ಳುವವನು ನಾನು. ಮಂಗಳವಾರದ್ದು ಮಂಗಳವಾರ ಆಗಿದೆ... ಇವತ್ತು ಇನ್ನೊಂದು ಚುಚ್ಚಿಕೊಂಡೆ. ಮೇಡಂಗೆ ಹೇಳಿಲ್ಲ. ನವ್ಯಳಿಗೂ ಹೇಳಿಲ್ಲ.

ಮಾರ್ಚ್ ೨

ಕನಕಪುರ. ಆಸ್ಪತ್ರೆ ಮಂಚ. ಡ್ರಿಪ್. ಮೂರು ದಿನ ವಾಂತಿ, ನೀರು ಕುಡಿದರೂ ನಿಲ್ಲಲಿಲ್ಲ. ಬ್ಲಡ್ ಟೆಸ್ಟಿನಲ್ಲಿ ಕ್ರಿಯಾಟಿನಿನ್ ಏರಿದೆ, ಕಿಡ್ನಿ ಸೋತರೆ ಏರುವಂಥದ್ದು. ಅಕ್ಕನ ರಿಪೋರ್ಟಿನಲ್ಲಿ ನೋಡಿ ನೋಡಿ ಹೆದರುತ್ತಿದ್ದ ಪದ. ಈಗ ನನ್ನ ಹೆಸರಿನ ಕೆಳಗೆ.

ತಾಹೇರಾ ಮೇಡಂ ಫೋನಿನಲ್ಲಿ ಬೈದರು. ಮೈಯಲ್ಲಿ ನೀರು ಕಡಿಮೆಯಾದರೆ ಕಿಡ್ನಿಗೇ ಏಟಂತೆ. "ಅಕ್ಕನಿಗೆ ಕೊಡಬೇಕಾದ್ದನ್ನ ನೀವೇ ಹಾಳು ಮಾಡ್ಕೋತಿದ್ದೀರಲ್ಲ!" ಸದ್ಯಕ್ಕೆ ಇಂಜೆಕ್ಷನ್ ಬಂದ್. ಸರಿಹೋಗುತ್ತದೋ ಇಲ್ಲವೋ ಮತ್ತೆ ಟೆಸ್ಟ್ ಮಾಡಿ ನೋಡಬೇಕು.

ಎಂಥ ಮುಟ್ಠಾಳ ನಾನು. ಅತ್ತುಬಿಟ್ಟೆ. ನವ್ಯ ಪಕ್ಕದಲ್ಲಿ ಕೂತು ಚಮಚದಲ್ಲಿ ಓಆರ್‌ಎಸ್ ಕುಡಿಸಿದಳು. "ಇಷ್ಟ್ ಮನಸಿದ್ರೆ ನನ್ನೂ ಕರ್ಕಂಡೋಗ್ಬೇಕಿತ್ತು ಡಾಕ್ಟ್ರ ತಾವ. ಒಬ್ರೇ ಹೊತ್ಕಂಡ್ ತಿರುಗ್ತೀರ," ಅಂದಳು. ಬಾಯಿ ಬಿಟ್ಟು ಮಾತಾಡಿದಳಲ್ಲ, ಅಷ್ಟೇ ಸಾಕಾಯಿತು.

ಮಾರ್ಚ್ ೨೦

ಕ್ರಿಯಾಟಿನಿನ್ ನಾರ್ಮಲ್! ಸಣ್ಣ ಡೋಸ್‌ನಿಂದ ಮತ್ತೆ ಶುರು. ಪೆನ್ನು ಇನ್ನು ಮೇಲೆ ನವ್ಯಳ ವಶ.

ಆಗಸ್ಟ್ ೯, ಭಾನುವಾರ

ಎಂಬತ್ತೊಂಬತ್ತೂವರೆ. ನನ್ನ ಟೆಸ್ಟುಗಳೆಲ್ಲ ಮುಗಿದಿವೆ. ಹದಿನೇಳನೇ ತಾರೀಖು ಸೋಮವಾರ ಅಕ್ಕನೂ ಬೆಂಗಳೂರಿನ ಆಸ್ಪತ್ರೆಗೆ ಬರಬೇಕು, ಅವಳು ಒಪ್ಪಬೇಕು. ನಾನೂ ನವ್ಯಳೂ ಬೈರಾಪಟ್ಟಣಕ್ಕೆ ಹೋದೆವು. ಒಂದೂ ಬಿಡದೆ ಹೇಳಿದೆ. ಆಸ್ಪತ್ರೆ ಸೇರಿದ್ದನ್ನೂ.

"ಅದ್ಕಾ ಅವತ್ತು ಉಣ್ನಿಲ್ಲ ನೀನು?" ಅಂದಳು ಅಕ್ಕ. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ತಲೆಯಾಡಿಸಿದಳು. "ಬ್ಯಾಡ ಕಣ್ಲಾ. ನಾಳೆ ನಿನ್ ಮಕ್ಳಿಗೇ ಬೇಕಾಯ್ತು ಅನ್ಕೊ. ಆಗ ಎಲ್ಲಿಂದ ತಂದೀಯೆ?"

ನಾನೂ ಇದನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

"ಆಗ ನಂದು ಐತಲ್ಲ, ಅತ್ತಿಗೆ," ಅಂದಳು ನವ್ಯ.

ಅಕ್ಕ ಅವಳ ಮುಖವನ್ನೇ ನೋಡುತ್ತಾ ಕೂತಳು. ಭಾವ ಬಸ್ ಹತ್ತಿಸಿ ಹೋದರು.

ಆಗಸ್ಟ್ ೧೭, ಬೆಳಿಗ್ಗೆ

ಬೆಂಗಳೂರು. ಆಸ್ಪತ್ರೆಯ ಹಾಲ್. ಬರುತ್ತೇನೆ ಅಂತ ಅಕ್ಕ ಹೇಳಿಲ್ಲ. ಭಾವನ ಫೋನ್ ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಬರೆಯುತ್ತಾ ಕೂತಿದ್ದೇನೆ, ಇಲ್ಲದಿದ್ದರೆ ತಲೆ ಕೆಟ್ಟುಹೋಗುತ್ತದೆ. ನವ್ಯ ಬಾಗಿಲ ಹತ್ತಿರವೇ ನಿಂತಿದ್ದಾಳೆ.

ಬಂದಳು. ಭಾವನ ತೋಳು ಹಿಡಿದು, ನಿಧಾನಕ್ಕೆ. ಬಂದು ನನ್ನ ಪಕ್ಕದಲ್ಲೇ ಕೂತಳು. ನರ್ಸ್ ಬಂದು ನನ್ನ ಕಡೆ ತೋರಿಸಿ ಇವರು ಯಾರು ಅಂತ ಕೇಳಿದರು.

"ನನ್ ತಮ್ಮ. ಕೊಡಾಕ್ ಬಂದವ್ನೆ." ಅಕ್ಕ ಸೆರಗು ಸರಿಮಾಡಿಕೊಂಡಳು. "ನಾನು ಈಸ್ಕಳಾಕ್ ಬಂದಿವ್ನಿ."

ನವ್ಯ ಅಳುತ್ತಿದ್ದಾಳೆ. ನನಗೂ ಅಕ್ಷರ ಕಾಣುತ್ತಿಲ್ಲ. ಒಳಗೆ ಹೆಸರು ಕರೆಯುತ್ತಿದ್ದಾರೆ. ಅಕ್ಕ ನನ್ನ ಬಲಗೈ ಹಿಡಿದುಕೊಂಡು ಬಿಡುತ್ತಿಲ್ಲ, ಬರೆಯಲು—